ಬಾವಿಯ ಸೂಟಿ

ಹನ್ನೊಂದು ವರ್ಷ ಸಿಸ್ಟರಮ್ಮನೋರ ಗಾಡಿ ಹೊಡೆದೀನಿ ನಾ,
ಮೆಂಬರ್ ಇದ್ದಾಗ, ಅಧ್ಯಕ್ಷೆ ಆದಾಗ,
ಸೋತ ಮ್ಯಾಲೂ ನಾಕು ತಿಂಗಳು.
ಐತವಾರ ಮಾತ್ರ ಗಾಡಿ ಕೀಲಿ ನಮ್ಮ ಮನೀ ಗೂಟಕ್ಕ.

ಶನಿವಾರ ಸಂಜಿಗೇ ಎರಡು ಕೊಡ ತುಂಬಿಡೋರು,
ರೊಟ್ಟಿ ಬಡಿದು ಬುಟ್ಟ್ಯಾಗ ಮುಚ್ಚಿಡೋರು,
ಮೋಟರಿನ ಸ್ವಿಚ್ಚಿನ ಮ್ಯಾಲ ಹಳೀ ಟವೆಲ್ ಹೊಚ್ಚೋರು,
ಮಲಗಿದ ಕೂಸಿಗೆ ಹೊಚ್ಚಿದಂಗ.
ಮರುದಿನ ಮಂಗಲಪೇಟೆ ಚರ್ಚಿಗೆ ನಡಕೋತ,
ಬಿಳೀ ಸೀರಿ ಅಂಚಿಗೆ ಬೀದರಿನ ಕೆಂಪು ಧೂಳು.

ಇದರ ಬುಡಕ್ಕ ಒಂದು ಬಾವಿ ಅದ.
ಮಿಶನ್ನಿನ ತ್ವಾಟದಾಗ ಅವರಪ್ಪ ದಾನಿಯೇಲಪ್ಪ
ಮೋಟ ಹೊಡೀತಿದ್ದ.
ತೊಗಲಿನ ಚೀಲ, ಎರಡೆತ್ತು, ಇಳಿಜಾರು ದಾರಿ,
ಎತ್ತು ಕೆಳಗಿಳಿದಂಗ ನೀರು ಮ್ಯಾಲ, ಆರು ದಿನ.
ಏಳನೇ ದಿನ ನೊಗ ಗ್ವಾಡಿಗೆ.
ಸೋಮವಾರ ನಸಕಿನ್ಯಾಗ ಮಗಳ ಕೈ ಹಿಡಿದು
ಇಣುಕಿ ನೋಡಸ್ತಿದ್ದನಂತ:
'ನೋಡು, ಎರಡು ಮೆಟ್ಟಲ ಏರ್ಯದ.
ನಾವು ಸುಮ್ಮನಿದ್ದರ ಆತು.'

ದೇವರ ಬಗ್ಗೆ ಅವರು ನನಗ ಹೇಳಿದ್ದು ಇಷ್ಟೇ.
ಆಮ್ಯಾಗಿನ ಭಾಷಣ, ಧರಣಿ, ಅರ್ಜಿ
ಎಲ್ಲಾ ಆ ಎರಡು ಮೆಟ್ಟಲ ಮ್ಯಾಲೇ ನಿಂತಿದ್ದವು.

ಮಾಂಜ್ರಾದಾಗ ಉಸುಕಿನ ಲಾರಿ ಮುಂದ
ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕುಂತಾಗ
ಪೇಪರಿನ ಹುಡುಗ ಕೇಳಿದ, 'ಮೇಡಂ, ಇದು ಯಾವ ಸಂಘಟನೆ?'
'ಸಂಘಟನೆ ಅಲ್ಲಪ್ಪ,' ಅಂದರು, 'ಚಟ.'

ನಗರಸಭೆಯೊಳಗ ಕಾಗದ ಇಟ್ಟರು:
ಊರಿನ ಬೋರ್‌ವೆಲ್ಲಿಗೆಲ್ಲಾ ವಾರಕ್ಕೊಂದು ಸೂಟಿ, ಐತವಾರ.
ವೈಜಿನಾಥ ಬಿರಾದಾರ ಟೇಬಲ್ ಗುದ್ದಿದ:
'ನಿಮ್ಮ ದೇವರ ಸೂಟಿ ನಮ್ಮ ನಳಕ್ಕ ಯಾಕ್ರಿ?'
ಹಿಂದಿನ ಬೆಂಚಿನಿಂದ ನಮ್ಮ ಗಲ್ಲಿ ಮೆಂಬರ,
'ಹಂಗಾದ್ರ ಶುಕ್ರವಾರ ಮಾಡ್ರಿ!'
ನಗಿ. ಚಪ್ಪಾಳಿ. ಚಹಾ ಬಂತು.
ಸಿಸ್ಟರಮ್ಮನೋರು ಕನ್ನಡಕ ಒರಸಿಕೊಂಡರು,
ಬಾಳ ಹೊತ್ತು ಒರಸಿಕೊಂಡರು.
'ಬಿರಾದಾರ್ರೇ, ನಿಮ್ಮಜ್ಜ ಸೋಮವಾರ ಎತ್ತು ಹೂಡ್ತಿದ್ದರೇನು?'
ಅಂವ ಸುಮ್ಮನಾದ.
ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೋದು
ಅವರ ಮನ್ಯಾಗೂ ಪಾಪ.
'ಹಂಗಾದ್ರ ಸೋಮವಾರ ಅಂತ ಬರೀರಿ.
ಬಾವಿಗೆ ವಾರದ ಹೆಸರು ಗೊತ್ತಿರೋದಿಲ್ಲ.'

ಆವತ್ತು ಗಾಡ್ಯಾಗ ಒಂದು ಮಾತಿಲ್ಲ.
ತನ್ನ ದಿನಾನ ಮಂದಿಗೆ ಬಿಟ್ಟುಕೊಟ್ಟು ಬಂದಾಕಿ ಮಾರಿ
ಕನ್ನಡ್ಯಾಗ ನೋಡೀನಿ.
ಗೆದ್ದವರ ಮಾರಿ ಅಲ್ಲ ಅದು.

ಸುಳ್ಳು ಯಾಕ ಹೇಳ್ಲಿ, ನಾನೂ ಒಮ್ಮೆ ಬೈದೀನಿ.
ಐತವಾರ ನಡುರಾತ್ರಿ ನನ್ನ ಮಗಳು ಜುಲೇಖಾಗ ಬ್ಯಾನಿ.
ಈಕೀ ಗಾಡಿ ಹತ್ತೋದಿಲ್ಲ, ಈಕೀ ನೇಮಕ್ಕಿಷ್ಟು ಬೆಂಕಿ ಹತ್ಲಿ,
ಅನ್ಕೋತೇ ಬಾಗಿಲು ಬಡದೆ.
ಚಪ್ಪಲಿ ಸುದ್ದಾ ಮೆಟ್ಟದೇ ಬಂದು ಕುಂತರು.
'ಬಾವಿಗೆ ಬಿದ್ದ ಎತ್ತಿಗೆ ಐತವಾರ ಇಲ್ಲ, ಖುದ್ದೂಸ. ಹೊಡಿ.'

ಸೋಮವಾರದ ಸೂಟಿ ಒಂಬತ್ತು ವಾರ ನಡೀತು.
ಹತ್ತನೇ ವಾರ ಟ್ಯಾಂಕರಿನವರು ಕಚೇರಿಗೆ ಬಂದರು,
ಹನ್ನೊಂದನೇ ವಾರ ಕಾಗದ ಕಳೀತು.
ಚುನಾವಣೆಯೊಳಗ ಸೋತದ್ದು ಇನ್ನೂರಾ ಹದಿನಾಕು ಓಟಿಗೆ,
ಅದರಾಗ ನಮ್ಮ ಗಲ್ಲಿದೂ ಅವ. ಗೊತ್ತದ ನನಗ.

ಈಗ ಗಾಡಿ ಇಲ್ಲ.
ನಮ್ಮ ಮಸೀದಿ ಮೋಟರಿನ ಕೀಲಿ ನನ್ನ ಕಿಸೆದಾಗ.
ಬುಧವಾರ ಬಂದ್ ಇಡ್ತೀನಿ,
ಯಾರೂ ಜಗಳಾಡದ ವಾರ ಅದೊಂದೇ ಉಳಿದಿತ್ತು.
ವಜೂಕ್ಕ ಬಂದ ಹುಡುಗರು ಹೌದಿನಾಗಿನ ನೀರು
ಬೊಗಸಿ ಅಳೆದು ತಗೋತಾರ, ಗೊಣಗ್ತಾರ.
ಗುರುವಾರ ಅಜಾನ್‌ಗೆ ಮೊದಲು ಬ್ಯಾಟರಿ ಹಿಡಕೊಂಡು
ಕೆಂಪು ಕಲ್ಲಿನ ಮೆಟ್ಟಲ ಇಳೀತೀನಿ.
ಮಂಗಳವಾರ ಎಳೆದ ಇದ್ದಿಲ ಗೆರಿ ಮುಳುಗಿರ್ತದ.
ಎರಡು ಮೆಟ್ಟಲ ಎಲ್ಲಿಂದ ಬರಬೇಕು.
ತೋಳು ಮಡಚಿ, ನೀರಾಗ ಕೈ ಇಟ್ಟು ಅಳೀತೀನಿ:
ನಾಕು ಬಟ್ಟು.
ಒಮ್ಮೊಮ್ಮೆ ಮೂರು.